ಪ್ರಾಗ್‌ನಲ್ಲಿ ಕ್ರಿಸ್‌ಮಸ್: ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ಮುಗಿಯುತ್ತಿದ್ದ ಹಾಗೆ ಚೆಕ್ ದೇಶದ ರಾಜಧಾನಿ ಪ್ರಾಗ್ ಬಗ್ಗೆ ಕೇಳುವವರು ಜಾಸ್ತಿಯಾಗುತ್ತಾರೆ. ಮದುವೆ ಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಚೆಕ್ ಜನರಿಗೆ ಕ್ರಿಸ್‌ಮಸ್ ಅಂದರೆ ಮನೆಯೊಳಗಿನ ಹಬ್ಬ. ಹಬ್ಬದ ರಾತ್ರಿ ಊರು ಬೀದಿಗೆ ಇಳಿಯುವುದಿಲ್ಲ, ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತದೆ. ಇದು ಗೊತ್ತಿದ್ದು ಹೋದವರಿಗೆ ಆ ಊರು ತುಂಬಾ ಹಿಡಿಸುತ್ತದೆ. ಗೊತ್ತಿಲ್ಲದೆ ಹೋದವರು ಡಿಸೆಂಬರ್ 24ರ ರಾತ್ರಿ ಊಟ ಸಿಗದೆ ಅಲೆಯುತ್ತಾರೆ.

## ಹೊರಡುವ ಮುಂಚೆ

ಹಬ್ಬ ಇರೋದು 25ಕ್ಕೆ ತಾನೇ, 24ಕ್ಕೆ ಹೋಗಿ ಇಳಿದ್ರೆ ಸಾಕಲ್ವಾ?

ಸಾಲದು. ಅಲ್ಲಿ ದೊಡ್ಡ ದಿನವೇ 24. ಮನೆಮಂದಿಯ ಊಟ, ಉಡುಗೊರೆ, ಮಧ್ಯರಾತ್ರಿಯ ಪೂಜೆ ಎಲ್ಲವೂ ಅವತ್ತೇ. ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಮುಚ್ಚಲು ಶುರುವಾಗುತ್ತವೆ. ಅವತ್ತು ಸಂಜೆ ಸೂಟ್‌ಕೇಸ್ ಎಳೆದುಕೊಂಡು ಬಂದರೆ ನಿಮಗೆ ಸಿಗುವುದು ಖಾಲಿ ಬೀದಿ ಮಾತ್ರ.

ನನ್ನ ಪ್ರಕಾರ 20 ಅಥವಾ 21ಕ್ಕೆ ತಲುಪಿ 27ರವರೆಗೆ ಇರುವುದು ಒಳ್ಳೆಯದು. ಮೊದಲ ಮೂರು ದಿನ ಮಾರ್ಕೆಟ್ಟು, ಮೀನಿನ ತೊಟ್ಟಿ, ಹಬ್ಬದ ಸಾಮಾನು ಕೊಳ್ಳುವ ಜನರ ಗಡಿಬಿಡಿ ನೋಡಬಹುದು. 24ರಂದು ಊರು ಸುಮ್ಮನಾಗುವುದನ್ನು ನೋಡಬಹುದು. 25, 26 ನಡೆಯಲಿಕ್ಕೆ. ರಜೆ ಅಷ್ಟು ಸಿಗದಿದ್ದರೆ ಕೊನೆಯ ದಿನಗಳನ್ನು ಕತ್ತರಿಸಿ, ಮೊದಲಿನವನ್ನು ಬಿಡಬೇಡಿ.

ವೀಸಾಗೆ ಯಾವಾಗಿಂದ ಓಡಾಡ್ಬೇಕು?

ಚೆಕ್ ದೇಶ ಷೆಂಗೆನ್ ಒಳಗಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಪ್ರಯಾಣಕ್ಕೆ 6 ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ತಡ ಅಂದರೂ 15 ದಿನ ಮುಂಚೆ ಹಾಕಿರಲೇಬೇಕು. ಡಿಸೆಂಬರ್ ಪ್ರಯಾಣಕ್ಕೆ ಅಪಾಯಿಂಟ್‌ಮೆಂಟ್‌ಗಳು ಬೇಗ ತುಂಬಿಹೋಗುತ್ತವೆ. ಆದ್ದರಿಂದ ಸೆಪ್ಟೆಂಬರ್‌ನಲ್ಲೇ ಕಾಗದಪತ್ರ ಜೋಡಿಸಿಕೊಳ್ಳಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ದೊಡ್ಡವರಿಗೆ ವೀಸಾ ಶುಲ್ಕ 2024ರಿಂದ 90 ಯೂರೋ ಆಗಿದೆ. ಜೊತೆಗೆ ವಿಯೆನ್ನಾವನ್ನೂ ನೋಡುವ ಆಸೆ ಇದ್ದರೆ ಎಲ್ಲಿ ಜಾಸ್ತಿ ರಾತ್ರಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು.

ಹಿಮ ಬೀಳುತ್ತಾ? ನಾವು ಅದಕ್ಕೇ ಹೋಗ್ತಿರೋದು.

ಹಿಮದ ಮೇಲೆ ಪೂರ್ತಿ ಆಸೆ ಇಟ್ಟುಕೊಂಡು ಹೋಗಬೇಡಿ. ಪ್ರಾಗ್ ಇರುವುದು ನದಿ ಬಯಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 200 ಮೀಟರ್ ಎತ್ತರದಲ್ಲಿ. ಡಿಸೆಂಬರ್ ಕೊನೆಗೆ ಉಷ್ಣಾಂಶ ಸೊನ್ನೆಯ ಆಚೀಚೆ ಇರುತ್ತದೆ. ಮಳೆಯೋ ಹಿಮವೋ ಅಂತ ತಿಳಿಯದ ಹನಿ ಬೀಳುವುದೇ ಹೆಚ್ಚು. ಹಿಮ ನೋಡಲೇಬೇಕು ಅಂದರೆ ಉತ್ತರದ ಕ್ರ್ಕೊನೊಶೆ ಬೆಟ್ಟಗಳಿಗೆ ಎರಡು ದಿನ ಎತ್ತಿಡಿ.

ಚಳಿಗಿಂತ ನಮ್ಮವರನ್ನು ಕಂಗೆಡಿಸುವುದು ಕತ್ತಲೆ. ಬೆಳಕು ಹರಿಯುವುದು 8 ಗಂಟೆಗೆ, ಸಂಜೆ 4ಕ್ಕೆ ಸೂರ್ಯ ಮುಳುಗಿರುತ್ತಾನೆ. ಬೆಳಿಗ್ಗೆ 11ಕ್ಕೆ ಹೋಟೆಲ್ ಬಿಟ್ಟರೆ ದಿನ ಅರ್ಧ ಹೋದ ಹಾಗೆ. ಒಂದು ದಪ್ಪ ಸ್ವೆಟರ್‌ಗಿಂತ ಒಂದರ ಮೇಲೊಂದು ಹಾಕುವ ತೆಳು ಬಟ್ಟೆ ವಾಸಿ, ಯಾಕೆಂದರೆ ಒಳಗಡೆ ಹೀಟರ್ ಜೋರಾಗಿರುತ್ತದೆ. ದುಡ್ಡು ಹಾಕುವುದಿದ್ದರೆ ಶೂಗೆ ಹಾಕಿ. ಅಲ್ಲಿಯ ಹಳೇ ಕಲ್ಲುಹಾಸು ಒದ್ದೆಯಾದರೆ ತುಂಬಾ ಜಾರುತ್ತದೆ.

ಯೂರೋ ತಗೊಂಡು ಹೋದ್ರೆ ನಡೆಯುತ್ತಾ?

ಚೆಕ್ ದೇಶದ ಹಣ ಕೊರುನಾ. ಕೆಲವು ಅಂಗಡಿಯವರು ಯೂರೋ ತೆಗೆದುಕೊಳ್ಳುತ್ತಾರೆ, ಆದರೆ ಲೆಕ್ಕ ಅವರದು, ನಷ್ಟ ನಿಮ್ಮದು. ಕಾರ್ಡ್ ಬಹುತೇಕ ಎಲ್ಲೆಡೆ ನಡೆಯುತ್ತದೆ. ಮಾರ್ಕೆಟ್‌ಗೆ, ಶೌಚಾಲಯಕ್ಕೆ ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ. ಮೆಷಿನ್ "ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ" ಅಂತ ಕೇಳಿದರೆ ಬೇಡ ಅನ್ನಿ, ಕೊರುನಾದಲ್ಲೇ ಕಟ್ಟಿ.

ನೋಟು ಬದಲಾಯಿಸುವ ಅಂಗಡಿಗಳ ವಿಷಯದಲ್ಲಿ ಒಂದು ಒಳ್ಳೆಯ ಕಾನೂನಿದೆ. 2019ರಿಂದ, 1000 ಯೂರೋವರೆಗಿನ ಮೊತ್ತವನ್ನು ಬದಲಾಯಿಸಿದ 3 ಗಂಟೆಯೊಳಗೆ ರಸೀದಿ ತೋರಿಸಿ ವ್ಯವಹಾರ ರದ್ದು ಮಾಡಿಸಬಹುದು. ಹಾಗಾಗಿ ರಸೀದಿ ಎಸೆಯಬೇಡಿ. ಬೀದಿಯಲ್ಲಿ ಹತ್ತಿರ ಬಂದು "ಒಳ್ಳೇ ರೇಟು ಕೊಡ್ತೀನಿ" ಅನ್ನುವವರ ಜೊತೆ ಮಾತಿಗೇ ನಿಲ್ಲಬೇಡಿ. ಅವರು ಕೈಗೆ ತುರುಕುವ ನೋಟು ಎಷ್ಟೋ ಸಲ ಬೇರೆ ದೇಶದ್ದಾಗಿರುತ್ತದೆ.

## ಊರಿನೊಳಗೆ

ಏರ್‌ಪೋರ್ಟ್‌ನಿಂದ ಟ್ಯಾಕ್ಸಿ ಬೇಕೇ ಬೇಕಾ?

ಬೇಡ. 59ನೇ ನಂಬರಿನ ಟ್ರಾಲಿಬಸ್ ಹತ್ತಿ ನಾದ್ರಾಜಿ ವೆಲೆಸ್ಲಾವೀನ್‌ನಲ್ಲಿ ಇಳಿಯಿರಿ. ಅಲ್ಲಿಂದ ಮೆಟ್ರೋ 'ಎ' ಲೈನ್ ನೇರವಾಗಿ ಹಳೇ ಊರಿಗೆ ಬರುತ್ತದೆ. ಕಾಗದದ ಟಿಕೆಟ್ ಕೊಂಡರೆ ಮೊದಲ ಸಲ ಹತ್ತುವಾಗ ಹಳದಿ ಮೆಷಿನ್‌ನಲ್ಲಿ ಮುದ್ರೆ ಹೊಡೆಸಬೇಕು. ಮುದ್ರೆ ಇಲ್ಲದ ಟಿಕೆಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದಂಡ ಬೀಳುತ್ತದೆ.

ಕ್ರಿಸ್‌ಮಸ್ ಮಾರ್ಕೆಟ್ ಫೋಟೋದಲ್ಲಿ ಕಂಡಷ್ಟು ಚೆನ್ನಾಗಿದೆಯಾ?

ಓಲ್ಡ್ ಟೌನ್ ಸ್ಕ್ವೇರ್‌ನ ಮಾರ್ಕೆಟ್ ಕಣ್ಣಿಗೆ ನಿಜಕ್ಕೂ ಹಬ್ಬ. ಮಧ್ಯದಲ್ಲಿ ಎತ್ತರದ ಮರ, ಹಿಂದೆ ಟೀನ್ ಎಂಬ ಹೆಸರಿನ ಚರ್ಚಿನ ಜೋಡಿ ಗೋಪುರ, ಪಕ್ಕದಲ್ಲಿ 1410ರ ಖಗೋಳ ಗಡಿಯಾರ. ನವೆಂಬರ್ ಕೊನೆಯಿಂದ ಜನವರಿ 6ರ ತನಕ ಇರುತ್ತದೆ. ಆದರೆ ಸಂಜೆ 5ರಿಂದ 8ರವರೆಗೆ ಕಾಲಿಡಲು ಜಾಗ ಇರುವುದಿಲ್ಲ. ಬೆಳಿಗ್ಗೆ 10ಕ್ಕೆ ಹೋಗಿ. ಕಟ್ಟಿಗೆ ಹೊಗೆ ಆಗಷ್ಟೇ ಏಳುತ್ತಿರುತ್ತದೆ, ಅಂಗಡಿಯವರಿಗೆ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರುತ್ತದೆ.

ಬೆಲೆ ನೋಡಿ ಕೇಳಿ. ಕೆಂಡದ ಮೇಲೆ ತಿರುಗುವ ಹಂದಿ ತೊಡೆಯ ಮಾಂಸಕ್ಕೆ ಬೋರ್ಡಿನಲ್ಲಿ ಬರೆದಿರುವುದು 100 ಗ್ರಾಮಿನ ಬೆಲೆ. ಅವರು ಕತ್ತರಿಸಿ ತಟ್ಟೆಗೆ ಹಾಕುವುದು ಅದರ ಮೂರು ಪಟ್ಟು ಇರಬಹುದು. ಎಷ್ಟು ಗ್ರಾಮ್ ಬೇಕು ಅಂತ ಮೊದಲೇ ಹೇಳಿ. ಕೋಲಿಗೆ ಸುತ್ತಿ ಸುಡುವ ಟ್ರ್ಡೆಲ್ನಿಕ್ ಎಂಬ ಸಿಹಿತಿಂಡಿಗೆ "ಹಳೇ ಬೊಹೀಮಿಯಾದ ಸಂಪ್ರದಾಯ" ಅಂತ ಬೋರ್ಡ್ ಹಾಕಿರುತ್ತಾರೆ (ಬೊಹೀಮಿಯಾ ಅಂದರೆ ಚೆಕ್ ದೇಶದ ಪಶ್ಚಿಮ ಭಾಗ). ಪ್ರಾಗ್‌ನಲ್ಲಿ ಅದು ಹೆಚ್ಚುಕಡಿಮೆ ಪ್ರವಾಸಿಗರ ಜೊತೆಗೇ ಬಂದ ತಿಂಡಿ. ಬಿಸಿಬಿಸಿ ಇದ್ದಾಗ ರುಚಿ, ತಿನ್ನಿ. ಆದರೆ ಹಬ್ಬದ ಸಿಹಿ ಅಂದರೆ ಅದಲ್ಲ.

ಹಬ್ಬದ ಸಿಹಿ ಅಂದರೆ ಮನೆಯಲ್ಲಿ ವಾರಗಟ್ಟಲೆ ಮುಂಚೆ ಮಾಡಿ ಡಬ್ಬಿಯಲ್ಲಿಡುವ ಪುಟ್ಟ ಬಿಸ್ಕತ್ತುಗಳು, ತ್ಸುಕ್ರೊವೀ ಅನ್ನುತ್ತಾರೆ. ನಮ್ಮ ಮಂಗಳೂರು ಕಡೆಯ ಕುಸ್ವಾರ್ ಇದ್ದ ಹಾಗೆ: ಒಂದೊಂದು ಮನೆಯಲ್ಲೂ ಹತ್ತಾರು ಬಗೆ, ನೆರೆಯವರಿಗೆ ಹಂಚುವ ತಟ್ಟೆ, ಯಾರ ಕೈ ಚೆಂದ ಅನ್ನುವ ಮಾತು. ಅರ್ಧಚಂದ್ರದ ಆಕಾರದ ವೆನಿಲ್ಲಾ ಬಿಸ್ಕತ್ತು ಬಾಯಲ್ಲಿಟ್ಟರೆ ಪುಡಿಯಾಗುತ್ತದೆ. ಬೇಕರಿಗಳಲ್ಲಿ ತೂಕಕ್ಕೆ ಸಿಗುತ್ತದೆ. ಜಡೆ ಹೆಣೆದಂತಿರುವ ವಾನೊಚ್ಕಾ ಬ್ರೆಡ್ ಕೂಡ ತಗೊಳ್ಳಿ. ಅದರಲ್ಲಿ ಒಣದ್ರಾಕ್ಷಿ, ಬಾದಾಮಿ ಇರುತ್ತದೆ.

ಜನಸಂದಣಿ ಬೇಡ ಅನ್ನುವವರು ನಾಮೆಸ್ತಿ ಮೀರು ಚೌಕದ ಮಾರ್ಕೆಟ್‌ಗೆ ಹೋಗಬಹುದು. ಚರ್ಚಿನ ಮುಂದೆ ಚಿಕ್ಕದಾಗಿ, ಊರಿನವರೇ ಜಾಸ್ತಿ ಇರುತ್ತಾರೆ.

ನಾವು ಸಸ್ಯಾಹಾರಿಗಳು. ಬ್ರೆಡ್ಡು ಜಾಮಿನಲ್ಲೇ ದಿನ ಕಳೀಬೇಕಾ?

ಇಲ್ಲ. ಪ್ರಾಗ್‌ನಲ್ಲಿ ಭಾರತೀಯ ಹೋಟೆಲುಗಳೂ ಪೂರ್ತಿ ಸಸ್ಯಾಹಾರಿ ಹೋಟೆಲುಗಳೂ ಸಾಕಷ್ಟಿವೆ. ಆದರೆ ಊರಿನ ಅಡುಗೆಯಲ್ಲೇ ನಿಮಗೆ ಆಗುವಂಥದ್ದು ಇದೆ. ಹಬ್ಬದ ದಿನ ಉಪವಾಸದ ಅಡುಗೆ ಮಾಡುವ ಪದ್ಧತಿಯಿಂದ ಬಂದದ್ದು ಕೂಬಾ. ಬಾರ್ಲಿ, ಒಣಗಿಸಿದ ಕಾಡಿನ ಅಣಬೆ, ಬೆಳ್ಳುಳ್ಳಿ, ಮಾರ್ಜೋರಂ ಸೊಪ್ಪು ಸೇರಿಸಿ ಓವನ್‌ನಲ್ಲಿ ಬೇಯಿಸುತ್ತಾರೆ. ನೋಡಲು ಕಪ್ಪಗೆ, ಬಾಯಿಗೆ ಮಣ್ಣಿನ ಘಮ. ಅಣಬೆ ಇಷ್ಟಪಡುವವರು ಬಿಡಬಾರದು. ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಅದನ್ನು ಕೇಳಿ ತಿಳಿದುಕೊಳ್ಳಿ. ಬ್ರಾಂಬೊರಾಕ್ ಅನ್ನುವ ಆಲೂಗಡ್ಡೆ ದೋಸೆ ಮಾರ್ಕೆಟ್‌ಗಳಲ್ಲಿ ಬಿಸಿಯಾಗಿ ಸಿಗುತ್ತದೆ, ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ. ಕರಿದ ಚೀಸ್ ಎಲ್ಲ ಹೋಟೆಲಿನಲ್ಲೂ ಇದೆ.

"ಬೆಜ್ ಮಾಸಾ" ಅಂದರೆ ಮಾಂಸ ಹಾಕದ್ದು. ಆದರೆ ಹ್ಯಾಮ್ ಚೂರು, ಮೀನಿನ ಸಾರು ಇವನ್ನೆಲ್ಲ ಕೆಲವರು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೊಂದಾಗಿ ಹೆಸರಿಟ್ಟು ಕೇಳುವುದು ಕ್ಷೇಮ.

24ರ ಸಂಜೆ ಊರೇ ಬಂದ್ ಅಂತಾರಲ್ಲ, ಊಟಕ್ಕೇನು ಗತಿ?

ನಿಜ. 2016ರ ಕಾನೂನಿನ ಪ್ರಕಾರ 200 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು 24ರಂದು ಮಧ್ಯಾಹ್ನ 12ರ ನಂತರ ತೆರೆಯುವಂತಿಲ್ಲ. 25, 26 ಪೂರ್ತಿ ಮುಚ್ಚಿರಬೇಕು. ಕೆಲಸದವರಿಗೂ ಮನೆಯಲ್ಲಿ ಹಬ್ಬ ಸಿಗಲಿ ಎಂಬುದು ಅದರ ಉದ್ದೇಶ, ಅದು ಸರಿಯಾದದ್ದೇ. ಸಣ್ಣ ಅಂಗಡಿಗಳಿಗೆ ಈ ನಿಯಮ ಇಲ್ಲ, ಕೆಲವು ತೆರೆದಿರುತ್ತವೆ.

ಹೀಗೆ ಮಾಡಿ. 23ರಂದೇ ಬ್ರೆಡ್, ಹಣ್ಣು, ಮೊಸರು, ಹಾಲು ತಂದಿಟ್ಟುಕೊಳ್ಳಿ. ಅಡುಗೆಮನೆ ಇರುವ ಬಾಡಿಗೆ ಮನೆ ಸಿಕ್ಕರೆ ಇನ್ನೂ ಒಳ್ಳೆಯದು, ಒಂದು ಅನ್ನ ಸಾರು ಆಗುತ್ತದೆ. ಹೊರಗೇ ಊಟ ಮಾಡಬೇಕು ಅಂದರೆ ಹೋಟೆಲಿನ ಹಬ್ಬದ ಊಟಕ್ಕೆ ವಾರಗಳ ಮುಂಚೆ ಟೇಬಲ್ ಹಿಡಿಯಿರಿ. ಭಾರತೀಯ, ವಿಯೆಟ್ನಾಂ ಹೋಟೆಲುಗಳಲ್ಲಿ ಕೆಲವು ತೆರೆದಿರುತ್ತವೆ. ಫೋನ್ ಮಾಡಿ ಖಾತ್ರಿ ಮಾಡಿಕೊಂಡೇ ಹೊರಡಿ. ಸಂಜೆ ಮೇಲೆ ಟ್ರಾಮ್‌ಗಳೂ ಕಡಿಮೆಯಾಗುತ್ತವೆ, ಅವತ್ತಿನ ವೇಳಾಪಟ್ಟಿ ಬೇರೆಯೇ ಇರುತ್ತದೆ.

ಊಟದ ಚಿಂತೆ ಮುಗಿಸಿಕೊಂಡವರು ಸಂಜೆ 6ರ ಸುಮಾರಿಗೆ ಪ್ರಾಗ್ ಕೋಟೆಯ ಬುಡದಲ್ಲಿರುವ ಹಳೇ ಬಡಾವಣೆ ಮಾಲಾ ಸ್ಟ್ರಾನಾದ ಗಲ್ಲಿಗಳಲ್ಲಿ ಒಂದು ಸುತ್ತು ಹಾಕಿ. ಪ್ರತಿ ಕಿಟಕಿಯಲ್ಲೂ ಬೆಳಕು, ಬೀದಿಯಲ್ಲಿ ಒಬ್ಬರೂ ಇಲ್ಲ. ತಟ್ಟೆ ಚಮಚದ ಸದ್ದು ಹೊರಗೆ ಕೇಳುತ್ತದೆ. ವರ್ಷವಿಡೀ ಪ್ರವಾಸಿಗರಿಂದ ತುಂಬಿರುವ ಆ ಭಾಗದಲ್ಲಿ ಜನ ಬದುಕುತ್ತಾರೆ ಅನ್ನುವುದು ಅವತ್ತು ಗೊತ್ತಾಗುತ್ತದೆ.

ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದೆ. ಕರ್ಕೊಂಡು ಹೋಗ್ಬಹುದಾ?

ಹೋಗಬಹುದು, ಎರಡು ವಿಷಯ ನೋಡಿಕೊಳ್ಳಿ. ಹಳೇ ಕಟ್ಟಡಗಳ ಎಷ್ಟೋ ಮನೆಗಳಿಗೆ ಲಿಫ್ಟ್ ಇರುವುದಿಲ್ಲ, ಬುಕ್ ಮಾಡುವಾಗಲೇ ಕೇಳಿ. ಗುಡ್ಡದ ಮೇಲಿನ ಪ್ರಾಗ್ ಕೋಟೆಗೆ ಕೆಳಗಿನಿಂದ ಮೆಟ್ಟಿಲು ಹತ್ತಿಸಬೇಡಿ. 22ನೇ ನಂಬರಿನ ಟ್ರಾಮ್ 'ಪ್ರಾಜ್‌ಸ್ಕಿ ಹ್ರಾದ್' ನಿಲ್ದಾಣದವರೆಗೆ ಮೇಲೆ ಕರೆದೊಯ್ಯುತ್ತದೆ. ಅಲ್ಲಿಂದ ಕೋಟೆಗೆ ಸಮತಟ್ಟಾದ ದಾರಿ.

## ಹಬ್ಬದ ಒಳಗೆ

ಬೀದಿಯಲ್ಲಿ ದೊಡ್ಡ ತೊಟ್ಟಿಗಳಲ್ಲಿ ಜೀವಂತ ಮೀನು ಇಟ್ಟಿರ್ತಾರಂತೆ. ಯಾಕೆ?

24ರ ರಾತ್ರಿ ಊಟಕ್ಕೆ ಕರಿದ ಕಾರ್ಪ್ ಮೀನು, ಆಲೂಗಡ್ಡೆ ಸಲಾಡ್, ಅದಕ್ಕೂ ಮುಂಚೆ ಮೀನಿನ ಸೂಪ್. ಇದು ಬಹುತೇಕ ಮನೆಗಳ ಕ್ರಮ. 20ರ ಸುಮಾರಿಗೆ ಟ್ರಾಮ್ ನಿಲ್ದಾಣ, ಚೌಕ, ಸೂಪರ್‌ಮಾರ್ಕೆಟ್ ಮುಂದೆಲ್ಲ ನೀರಿನ ತೊಟ್ಟಿಗಳು ಬಂದು ಕೂರುತ್ತವೆ. ರಬ್ಬರ್ ಏಪ್ರನ್ ಕಟ್ಟಿಕೊಂಡ ಮಾರಾಟಗಾರ ಬಲೆಯಲ್ಲಿ ಒಂದನ್ನು ಎತ್ತುತ್ತಾನೆ. ಮೀನು ಪಟಪಟ ಬಡಿದು ಸಾಲಿನಲ್ಲಿದ್ದವರ ಕೋಟಿಗೆ ನೀರು ಹಾರುತ್ತದೆ, ಮಕ್ಕಳು ಕಿರುಚುತ್ತಾರೆ. ತಕ್ಕಡಿಗೆ ಹಾಕುತ್ತಾನೆ. ಅಲ್ಲೇ ಕೊಂದು ಹೆಚ್ಚಿ ಕೊಡಲೋ, ಜೀವಂತ ಒಯ್ಯುತ್ತೀರೋ ಅಂತ ಕೇಳುತ್ತಾನೆ. ಕೆಲವರು ಜೀವಂತ ಒಯ್ದು ಮನೆಯ ಬಾತ್‌ಟಬ್‌ನಲ್ಲಿ ಬಿಡುತ್ತಾರೆ. ಎರಡು ದಿನದಲ್ಲಿ ಮಕ್ಕಳು ಅದಕ್ಕೆ ಹೆಸರಿಟ್ಟು, ಕೊಲ್ಲಬೇಡಿ ಅಂತ ಹಟ ಹಿಡಿಯುವುದು ಅಲ್ಲಿ ಮನೆಮನೆಯ ಕತೆ. ಹಾಗಂತ ನದಿಗೆ ಬಿಟ್ಟರೆ ಅದು ಆ ಚಳಿ ನೀರಿನಲ್ಲಿ ಬದುಕುವುದು ಕಷ್ಟ.

ಈ ಮೀನುಗಳಲ್ಲಿ ಹೆಸರುವಾಸಿ ದಕ್ಷಿಣ ಬೊಹೀಮಿಯಾದ ತ್ರ್ಜೆಬೊನ್ ಕಡೆಯವು. ಅಲ್ಲಿ 16ನೇ ಶತಮಾನದಲ್ಲೇ ಕೆರೆಗಳ ದೊಡ್ಡ ಜಾಲ ಕಟ್ಟಿದರು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ರೋಜ್ಮ್‌ಬೆರ್ಕ್ ಕೆರೆಯನ್ನು ಯಾಕುಬ್ ಕ್ರ್ಚೀನ್ 1590ರಲ್ಲಿ ಮುಗಿಸಿದ. ಶರತ್ಕಾಲದಲ್ಲಿ ಕೆರೆಯ ನೀರು ಬಸಿದು ಮೀನು ಹಿಡಿಯುತ್ತಾರೆ. ಕಾರ್ಪ್ ಮೀನಿನ ಒಂದು ಹುರುಪೆಯನ್ನು ಊಟದ ತಟ್ಟೆಯ ಕೆಳಗಿಟ್ಟು, ಆಮೇಲೆ ವರ್ಷವಿಡೀ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ದುಡ್ಡು ನಿಲ್ಲಲಿ ಅಂತ.

ಮಕ್ಕಳು ಸಾಂಟಾ ಕ್ಲಾಸ್ ಎಲ್ಲಿ ಅಂತ ಕೇಳ್ತಾರೆ, ಏನ್ ಹೇಳ್ಲಿ?

ಅಲ್ಲಿ ಉಡುಗೊರೆ ತರುವುದು ಯೆಝೀಶೆಕ್, ಅಂದರೆ ಕೂಸು ಯೇಸು. ಅವನು ಹೇಗಿದ್ದಾನೆ ಅಂತ ಯಾರಿಗೂ ಗೊತ್ತಿಲ್ಲ. ಊಟ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಮಕ್ಕಳು ಓಡಿಹೋದರೆ ಮರದ ಕೆಳಗೆ ಉಡುಗೊರೆ ಇರುತ್ತದೆ, ತಂದವನು ಹೋಗಿರುತ್ತಾನೆ. ಸಂತ ನಿಕೊಲಾಸ್ ಬರುವುದು ಡಿಸೆಂಬರ್ 5ರ ಸಂಜೆ. ಜೊತೆಗೆ ಒಬ್ಬ ದೇವದೂತ, ಸರಪಳಿ ಎಳೆದುಕೊಂಡು ಬರುವ ಒಬ್ಬ ಸೈತಾನ. ಈ ವೇಷಗಳನ್ನು ನೋಡಬೇಕಿದ್ದರೆ ತಿಂಗಳ ಆರಂಭದಲ್ಲೇ ಹೋಗಬೇಕು.

ಒಂದು ಚೆಕ್ ಕುಟುಂಬ 24ಕ್ಕೆ ಊಟಕ್ಕೆ ಕರೆದಿದೆ. ಹೇಗೆ ನಡ್ಕೋಬೇಕು?

ಬಿಡದೆ ಹೋಗಿ. ಹಬ್ಬದ ರಾತ್ರಿ ಹೊರಗಿನವರನ್ನು ಕರೆಯುವುದು ಅಲ್ಲಿ ಸುಮ್ನೆ ಅಲ್ಲ. ಸಮಯಕ್ಕೆ ಸರಿಯಾಗಿ ಹೋಗಿ, ಬಾಗಿಲಲ್ಲಿ ಶೂ ಬಿಚ್ಚಿ, ಅವರು ಕೊಡುವ ಚಪ್ಪಲಿ ಹಾಕಿಕೊಳ್ಳಿ. ಕೈಯಲ್ಲಿ ಹೂವೋ ಸಿಹಿಯೋ ಇರಲಿ. ನಮ್ಮ ಕಡೆಯ ಮೈಸೂರು ಪಾಕ್ ಡಬ್ಬಿ ಒಯ್ದರೆ ಖುಷಿಪಡುತ್ತಾರೆ. ಮೀನು ತಿನ್ನದವರು ಮೊದಲೇ ತಿಳಿಸಿ.

ಊಟದ ಮಧ್ಯೆ ಮೇಜಿನಿಂದ ಏಳಬೇಡಿ. ಎದ್ದವರು ಮುಂದಿನ ವರ್ಷ ಹಬ್ಬಕ್ಕೆ ಇರುವುದಿಲ್ಲ ಎಂಬ ನಂಬಿಕೆ ಹಳಬರಲ್ಲಿದೆ. ಊಟವಾದ ಮೇಲೆ ಸೇಬನ್ನು ಅಡ್ಡಕ್ಕೆ ಕತ್ತರಿಸುತ್ತಾರೆ. ಬೀಜದ ಜಾಗ ನಕ್ಷತ್ರದ ಹಾಗೆ ಕಂಡರೆ ವರ್ಷವೆಲ್ಲಾ ಆರೋಗ್ಯ. ಅಕ್ರೋಟಿನ ಚಿಪ್ಪಿನಲ್ಲಿ ಪುಟ್ಟ ಮೇಣದಬತ್ತಿ ಹಚ್ಚಿ ನೀರಿನ ಬಟ್ಟಲಲ್ಲಿ ತೇಲಿಬಿಡುವುದೂ ಇದೆ. ಯಾರ ದೋಣಿ ದಡ ಬಿಟ್ಟು ಹೋಗುತ್ತದೋ ಅವರಿಗೆ ಪ್ರಯಾಣ. ಎಲ್ಲ ಮನೆಯಲ್ಲೂ ಎಲ್ಲವನ್ನೂ ಮಾಡುವುದಿಲ್ಲ. ಆದರೆ ಟೀವಿಯಲ್ಲಿ ಹಳೇ ಜಾನಪದ ಕತೆಗಳ ಸಿನಿಮಾ ಹಾಕದ ಮನೆ ಅಪರೂಪ. ಮಾತು ಅರ್ಥವಾಗದಿದ್ದರೂ ಜೊತೆಗೆ ಕೂತು ನೋಡಿ.

ನಾವು ಕ್ರೈಸ್ತರಲ್ಲ. ಮಧ್ಯರಾತ್ರಿ ಪೂಜೆಗೆ ಒಳಗೆ ಬಿಡ್ತಾರಾ?

ಬಿಡುತ್ತಾರೆ. ಚೆಕ್ ದೇಶ ಯುರೋಪಿನಲ್ಲೇ ಅತಿ ಕಡಿಮೆ ಧರ್ಮ ಪಾಲಿಸುವ ದೇಶಗಳಲ್ಲಿ ಒಂದು. ಆದರೂ ಆ ರಾತ್ರಿ ಚರ್ಚುಗಳು ತುಂಬಿರುತ್ತವೆ. ವರ್ಷವಿಡೀ ಚರ್ಚಿನ ಕಡೆ ತಲೆಹಾಕದವರೂ ಹಾಡು ಕೇಳಲು ಬರುತ್ತಾರೆ. ಕೋಟೆಯೊಳಗಿನ ಸಂತ ವೀಟ್ ಕ್ಯಾಥೆಡ್ರಲ್‌ಗೆ ಹೋಗುವುದಾದರೆ ತುಂಬಾ ಮುಂಚೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ನನಗೆ ಊರಿನ ಚಿಕ್ಕ ಚರ್ಚುಗಳೇ ವಾಸಿ ಅನ್ನಿಸುತ್ತದೆ. ಕೆಲವೆಡೆ ಪೂಜೆ 10 ಗಂಟೆಗೇ ಇರುತ್ತದೆ, ಬಾಗಿಲಲ್ಲಿ ಸಮಯ ಅಂಟಿಸಿರುತ್ತಾರೆ. ಟೋಪಿ ತೆಗೆಯಿರಿ, ಕೋಟು ತೆಗೆಯಬೇಡಿ, ಒಳಗೆ ಹೊರಗಿನಷ್ಟೇ ಚಳಿ. ಪ್ರಸಾದದ ಸಾಲಿಗೆ ಹೋಗದೆ ಕೂತಲ್ಲೇ ಇದ್ದರೆ ಸಾಕು. ಫೋಟೋ ಬೇಡ.

ಅಲ್ಲಿ ಕೇಳಬೇಕಾದದ್ದು ಯಾಕುಬ್ ಯಾನ್ ರಿಬಾ 1796ರಲ್ಲಿ ರಚಿಸಿದ ಚೆಕ್ ಕ್ರಿಸ್‌ಮಸ್ ಪೂಜಾಸಂಗೀತ. ರಿಬಾ ಹಳ್ಳಿಯ ಮೇಷ್ಟ್ರು. ಪೂಜೆಯ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ ಅವರು ಜನರ ಮಾತಿನಲ್ಲಿ ಬರೆದರು. ಶುರುವಾಗುವುದೇ "ಏಯ್ ಯಜಮಾನ್ರೇ, ಏಳಿ!" ಅಂತ ಒಬ್ಬ ಕುರುಬ ಹುಡುಗ ತನ್ನ ಯಜಮಾನನನ್ನು ಎಬ್ಬಿಸುವುದರಿಂದ. ಬೆತ್ಲೆಹೆಮಿನಲ್ಲಿ ಯೇಸು ಹುಟ್ಟಿದ ಕತೆಯನ್ನು ಬೊಹೀಮಿಯಾದ ಹಳ್ಳಿಯಲ್ಲೇ ನಡೆದಂತೆ ಹಾಡುತ್ತಾರೆ. ಇಂದಿಗೂ ಡಿಸೆಂಬರ್ ತುಂಬಾ ಚರ್ಚುಗಳಲ್ಲಿ, ಸಭಾಂಗಣಗಳಲ್ಲಿ ಇದನ್ನು ನುಡಿಸುತ್ತಾರೆ. ಮಧ್ಯರಾತ್ರಿ ಎದ್ದಿರಲು ಆಗದವರು ಯಾವುದಾದರೂ ಸಂಜೆಯ ಕಛೇರಿಗೆ ಟಿಕೆಟ್ ತೆಗೆದುಕೊಳ್ಳಿ.

ಬೆಂಗಳೂರಿನ ವಿವೇಕನಗರದ ಬಾಲ ಯೇಸುವಿನ ಮೂಲ ಪ್ರಾಗ್ ಅಂತೆ, ಹೌದಾ?

ಹೌದು. ಗುರುವಾರ ವಿವೇಕನಗರದ ಇನ್‌ಫ್ಯಾಂಟ್ ಜೀಸಸ್ ದೇವಾಲಯಕ್ಕೆ ಹೋಗಿ ಮೇಣದಬತ್ತಿ ಹಚ್ಚುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಆ ಭಕ್ತಿಯ ಮೂಲ ಪ್ರತಿಮೆ ಇರುವುದು ಮಾಲಾ ಸ್ಟ್ರಾನಾದ 'ವಿಜಯ ಮಾತೆ' ಚರ್ಚಿನಲ್ಲಿ. ಸ್ಪೇನ್‌ನಿಂದ ಬಂದ ಪ್ರತಿಮೆ ಅದು. ಪೊಲಿಕ್ಸೆನಾ ಎಂಬ ಕುಲೀನ ಮನೆತನದ ಹೆಣ್ಣುಮಗಳು 1628ರಲ್ಲಿ ಕಾರ್ಮೆಲ್ ಸಭೆಯ ಸನ್ಯಾಸಿಗಳಿಗೆ ಕೊಟ್ಟಳು. 1631ರಲ್ಲಿ ಸ್ಯಾಕ್ಸನ್ ಸೈನ್ಯ ಊರಿಗೆ ನುಗ್ಗಿದಾಗ ಅದನ್ನು ಮೂಲೆಗೆ ಎಸೆದರು, ಕೈಗಳು ಮುರಿದವು. ಕೆಲವು ವರ್ಷಗಳ ನಂತರ ಸಿರಿಲ್ ಎಂಬ ಪಾದ್ರಿ ಅದನ್ನು ಹುಡುಕಿ ತೆಗೆದು, ಕೈ ಸರಿಮಾಡಿಸಿದರು.

ನಮ್ಮ ಕಡೆಯಿಂದ ಹೋದವರಿಗೆ ಮೊದಲು ಅಚ್ಚರಿ ಅನ್ನಿಸುವುದು ಅದರ ಅಳತೆ. ಎತ್ತರ 47 ಸೆಂಟಿಮೀಟರ್, ಅಷ್ಟೇ. ಮರದ ಮೈಗೆ ಮೇಣದ ಹೊದಿಕೆ, ಬಲಗೈ ಆಶೀರ್ವಾದಕ್ಕೆ ಎತ್ತಿದೆ, ಎಡಗೈಯಲ್ಲಿ ಗೋಳ. ಹಬ್ಬ ಹಬ್ಬಕ್ಕೂ ಉಡುಪು ಬದಲಾಗುತ್ತದೆ. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ನೇರಳೆ, ಹಬ್ಬಕ್ಕೆ ಬಿಳಿ ಅಥವಾ ಬಂಗಾರದ ಬಣ್ಣ. ಉಡಿಸುವವರು ಕಾರ್ಮೆಲ್ ಸಭೆಯ ಸೋದರಿಯರು. ಮೇಲಿನ ಚಿಕ್ಕ ಮ್ಯೂಸಿಯಂನಲ್ಲಿ ಬೇರೆ ಬೇರೆ ದೇಶದವರು ಹರಕೆ ಕೊಟ್ಟ ಉಡುಪುಗಳಿವೆ. ರಾಣಿ ಮರಿಯಾ ತೆರೇಸಾ 1743ರಲ್ಲಿ ಕೊಟ್ಟ ಹಸಿರು ಉಡುಪೂ ಅವುಗಳಲ್ಲಿ ಒಂದು. ಚರ್ಚಿನ ಒಳಗೆ ಹೋಗಲು ಶುಲ್ಕ ಇಲ್ಲ. ಮನೆಯಲ್ಲಿ ವಿವೇಕನಗರಕ್ಕೆ ನಡೆದುಕೊಳ್ಳುವ ಅಜ್ಜಿ ಇದ್ದರೆ ಅವರಿಗೊಂದು ಪಟ ತನ್ನಿ.

ಗೋದಲಿಗಳನ್ನು ನೋಡೋಕೆ ಎಲ್ಲಿಗೆ ಹೋಗ್ಬೇಕು?

ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು ಬೊಂಬೆಗಳಲ್ಲಿ ಜೋಡಿಸಿಡುವುದು. ಅದಕ್ಕೆ ಕೋಟೆಯ ಹತ್ತಿರ, ಲೊರೆಟಾ ಚೌಕದ ಕಪುಚಿನ್ ಚರ್ಚಿಗೆ ಹೋಗಿ. 18ನೇ ಶತಮಾನದ ಆಳೆತ್ತರದ ಬೊಂಬೆಗಳ ಗೋದಲಿ ಅಲ್ಲಿದೆ, ಹಬ್ಬದ ಸಮಯಕ್ಕೆ ತೆರೆದಿಡುತ್ತಾರೆ. ಚೆಕ್ ದೇಶದಲ್ಲಿ ಮನೆಮನೆಯಲ್ಲಿ ಗೋದಲಿ ಕೆತ್ತುವ ಕಸುಬು ಬೆಳೆಯಲು ಒಂದು ಕಾರಣವಿದೆ. ಚಕ್ರವರ್ತಿ ಎರಡನೇ ಜೋಸೆಫ್ 1780ರ ದಶಕದಲ್ಲಿ ಚರ್ಚುಗಳಲ್ಲಿ ಗೋದಲಿ ಇಡುವುದನ್ನು ನಿಷೇಧಿಸಿದ. ಜನ ಬಿಡಲಿಲ್ಲ, ಮನೆಯೊಳಗೆ ಮಾಡತೊಡಗಿದರು. ಮರದಲ್ಲಿ ಕೆತ್ತಿದರು, ಕಾಗದ ಕತ್ತರಿಸಿದರು, ತಮ್ಮೂರಿನ ಬೇಕರಿಯವನನ್ನೂ ಕೊಳಲಿನವನನ್ನೂ ಬೆತ್ಲೆಹೆಮಿಗೆ ಸೇರಿಸಿದರು. ಇದರಲ್ಲಿ ನಿಜವಾದ ಆಸಕ್ತಿ ಇರುವವರು ತ್ರ್ಜೆಬೆಹೊವಿತ್ಸೆ ಪಟ್ಟಣಕ್ಕೆ ಹೋಗಬೇಕು. ಎರಡು ಸಾವಿರಕ್ಕೂ ಹೆಚ್ಚು ಮರದ ತುಂಡುಗಳಿಂದ ಮಾಡಿದ, ಚಲಿಸುವ ಗೋದಲಿ ಅಲ್ಲಿಯ ಮ್ಯೂಸಿಯಂನಲ್ಲಿದೆ.

ಎಲ್ಲಾ ಮುಚ್ಚಿದ್ರೆ 25, 26 ಏನ್ ಮಾಡೋದು?

ಬೀದಿಗೆ ಬಾಗಿಲಿಲ್ಲ, ನಡೆಯಿರಿ. 25ರ ಬೆಳಿಗ್ಗೆ ಚಾರ್ಲ್ಸ್ ಸೇತುವೆ ಮೇಲೆ ಜನ ಕಡಿಮೆ. 1357ರಲ್ಲಿ ಅಡಿಪಾಯ ಹಾಕಿದ ಸೇತುವೆ, ಬೇರೆ ದಿನ ಅದರ ಪ್ರತಿಮೆಗಳನ್ನು ನಿಂತು ನೋಡಲೂ ಆಗುವುದಿಲ್ಲ. ಯಹೂದಿ ಮ್ಯೂಸಿಯಂಗೆ ರಜೆ ಇರುವುದು ಶನಿವಾರ ಮತ್ತು ಯಹೂದಿ ಹಬ್ಬಗಳಲ್ಲಿ. ಆದ್ದರಿಂದ ಕ್ರಿಸ್‌ಮಸ್ ವಾರದಲ್ಲಿ ಅದು ಒಳ್ಳೆಯ ಆಯ್ಕೆ, ಸಮಯ ಮಾತ್ರ ನೋಡಿಕೊಳ್ಳಿ.

26ರಂದು ನ್ಯಾಷನಲ್ ಥಿಯೇಟರ್ ಹತ್ತಿರದ ನದಿದಂಡೆಗೆ ಹೋಗಿ. ಅಲ್ಲಿ ಚಳಿಗಾಲದ ಈಜು ಶುರುಮಾಡಿದ ಆಲ್ಫ್ರೆಡ್ ನಿಕೊಡೆಮ್ ನೆನಪಿಗೆ ನಡೆಯುವ ಈಜು ಇರುತ್ತದೆ. ಬಿಳಿಗೂದಲಿನ ಅಜ್ಜ ಅಜ್ಜಿಯರೂ ಈಜುಡುಗೆಯಲ್ಲಿ ವ್ಲ್ಟಾವಾ ನದಿಗೆ ಇಳಿಯುತ್ತಾರೆ. ದಡದಲ್ಲಿ ನಾವು ಮೂರು ಪದರ ಉಣ್ಣೆ ಹಾಕಿಕೊಂಡು ನಡುಗುತ್ತಿರುತ್ತೇವೆ.

27ರಿಂದ ಅಂಗಡಿಗಳು ತೆರೆಯುತ್ತವೆ. ಇನ್ನೊಂದು ದಿನ ಕೈಯಲ್ಲಿದ್ದರೆ ಬೆಳಿಗ್ಗೆ ಮುಖ್ಯ ನಿಲ್ದಾಣದಿಂದ ಕುಟ್ನಾ ಹೊರಾಕ್ಕೆ ರೈಲು ಹಿಡಿಯಿರಿ, ಸುಮಾರು ಒಂದು ಗಂಟೆಯ ದಾರಿ. ಹಿಂದೆ ಬೆಳ್ಳಿ ಗಣಿಯಿಂದ ಮೆರೆದ ಊರು. ಸಂತ ಬಾರ್ಬರಾ ಚರ್ಚನ್ನು ಮೊದಲು ನೋಡಿ, ಮೂಳೆಗಳಿಂದ ಅಲಂಕರಿಸಿದ ಸೆಡ್ಲೆಟ್ಸ್ ಚರ್ಚಿಗೆ ವಾಪಸ್ ಬರುವಾಗ ಹೋಗಿ. ಅದು ರೈಲು ನಿಲ್ದಾಣಕ್ಕೆ ಹತ್ತಿರ.